ನಾನು ಓದದೆ ಬಿಟ್ಟ ಸಾಲು

ನಾಗವೇಣಿಗೆ ನಾನು ಸುಳ್ಳು ಓದಿ ಹೇಳಿದೆ. ಮರೆತಿದ್ದಲ್ಲ, ಕಣ್ಣು ತಪ್ಪಿದ್ದಲ್ಲ — ಅವಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಗೊತ್ತಿದ್ದೇ, ಕಾಗದದ ಮೇಲಿದ್ದ ಒಂದು ಸಾಲನ್ನು ಬಿಟ್ಟು ಓದಿದೆ. ಹದಿನಾರು ವರ್ಷ ಇದನ್ನು ‘ಮಿಸ್ಟೇಕ್’ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ನಿಲ್ಲಿಸಿ ಕೇಳುತ್ತಿದ್ದರು — ಮಿಸ್ಟೇಕೋ, ಸಿನ್ನೋ? ತಪ್ಪಿಗೂ ಪಾಪಕ್ಕೂ ಇರುವ ವ್ಯತ್ಯಾಸ ನನಗೆ ಏಳನೇ ವಯಸ್ಸಿನಿಂದಲೇ ಗೊತ್ತು.

ಆಗ ನಾನು ಅರೆಕೆರೆಯ ಕಡೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಪರ್ಸನೆಲ್ ಮ್ಯಾನೇಜರರ ಸೆಕ್ರೆಟರಿ. ರಿಟೈರ್ ಆಗಲು ಇನ್ನೆರಡು ವರ್ಷವಿತ್ತು. ನಾಗವೇಣಿ ಕಾಲರ್ ಹೊಲಿಯುವ ಲೈನಿನ ಟೈಲರ್, ಸಾರಕ್ಕಿಯ ಹಳೇ ಊರಿನವಳು. ಅಲ್ಲಿ ಒಂದು ಲೈನಿಗೆ ಒಂದೇ ಟಾಯ್ಲೆಟ್ ಟೋಕನ್. ನಲವತ್ತು ಹೆಂಗಸರು, ಒಂದು ಪ್ಲಾಸ್ಟಿಕ್ ಬಿಲ್ಲೆ. ಹೋದವಳು ಬಂದು ಅದನ್ನು ಕೈಗೆ ಕೊಟ್ಟರೆ ಮಾತ್ರ ಇನ್ನೊಬ್ಬಳು ಏಳಬಹುದು. ಬಸುರಿಯರಿಗೂ ಅದೇ ರೂಲ್. ಆ ಟೋಕನ್ ತೆಗೆಸುತ್ತೇನೆಂದು ನಾಗವೇಣಿ ಕಾರ್ಮಿಕ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಳು. ಗೆಲ್ಲುತ್ತಿದ್ದಳು — ಅದು ಮ್ಯಾನೇಜರಿಗೂ ಗೊತ್ತಿತ್ತು.

ಸಂಘದ ಬೈಲಾದಲ್ಲಿ ಒಂದು ನಿಯಮವಿತ್ತು. ಪ್ರಚಾರಕ್ಕೆ ಸದಸ್ಯರಿಂದ ಮಾತ್ರ ದೇಣಿಗೆ ಪಡೆಯಬೇಕು. ಆಡಳಿತ ವರ್ಗದಿಂದಾಗಲಿ, ಆಫೀಸ್ ಸಿಬ್ಬಂದಿಯಿಂದಾಗಲಿ ಹಣ, ವಸ್ತು, ಯಾವ ರೂಪದ ಸಹಾಯ ಪಡೆದರೂ ನಾಮಪತ್ರ ರದ್ದು. ಕಂಪನಿಯ ಕೈ ಸಂಘದೊಳಗೆ ತೂರದಿರಲಿ ಎಂದು ಹಿಂದಿನವರು ಹಾಕಿದ ಬೇಲಿ. ನಾಗವೇಣಿ ಅದನ್ನು ಮಡಿಯ ಹಾಗೆ ಪಾಲಿಸುತ್ತಿದ್ದಳು. ಕಟಿಂಗ್ ಸೆಕ್ಷನ್ನಿನ ಚಿಂದಿಯಲ್ಲಿ ಬ್ಯಾಡ್ಜ್ ಮಾಡೋಣವೆಂದು ಗೆಳತಿಯರು ಅಂದಾಗ, ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಗದರಿದ್ದಳು: “ಚಿಂದಿ ಆದ್ರೂ ಕಂಪನೀದು ಕಣ್ರೇ. ನಿಮ್ಮ್ ಮನೆ ಹಳೇ ಸೀರೆ ತನ್ನಿ.”

“ನಮ್ಮತ್ತೆ ಸೀರೆ ತರ್ಲಾ? ಅತ್ತೇನೂ ಸೇರಿಸೇ ತಂದ್ಬಿಡ್ತೀನಿ!” ಎಂದು ಯಾರೋ ಕೂಗಿದರು. ಇಡೀ ಕ್ಯಾಂಟೀನು ನಕ್ಕಿತು. ನಾನೂ ನಕ್ಕೆ.

ಮ್ಯಾನೇಜರ್ ನನಗೆ ‘ಮಾಡು’ ಎಂದು ಹೇಳಲಿಲ್ಲ. ಹೇಳಿದ್ದರೆ — ಇಲ್ಲ, ಹೇಳಿದ್ದರೂ ನನ್ನ ತಪ್ಪು ಇಷ್ಟೇ ಇರುತ್ತಿತ್ತು. ಒಂದು ಮಧ್ಯಾಹ್ನ ಬೈಲಾ ತರಿಸಿ, ನನ್ನಿಂದಲೇ ಆ ನಿಯಮ ಓದಿಸಿ, ಕಾಫಿ ಕುಡಿಯುತ್ತಾ ಅಂದರು: “ಪಾಪ, ಆ ನಾಗವೇಣಿಗೆ ನಮ್ಮ ಆಫೀಸಿನವರು ಯಾರಾದ್ರೂ ಹೆಲ್ಪ್ ಮಾಡಿಬಿಟ್ರೆ ಕಷ್ಟ ಅಲ್ವಾ, ಮಿಸೆಸ್ ರಾವ್? ನಿಮ್ಮನ್ನಂತೂ ತುಂಬಾ ನಂಬ್ತಾಳಂತೆ.” ಆಮೇಲೆ ಕಪ್ಪು ಕೆಳಗಿಟ್ಟು, “ಆಫ್ಟರ್ ಆಲ್, ಯು ಆರ್ ಒನ್ ಆಫ್ ಅಸ್.”

ಅಷ್ಟೇ. ಬೆದರಿಕೆಯಿಲ್ಲ, ಆಮಿಷವಿಲ್ಲ. ಮೂವತ್ತು ವರ್ಷ ಅಂಥವರ ಪತ್ರಗಳ ಗ್ರಾಮರ್ ತಿದ್ದಿ, ಬಾಗಿಲ ಹೊರಗಿನ ಮೇಜಿನಲ್ಲೇ ಕೂತವಳಿಗೆ ಯಾರೂ ‘ನೀವು ನಮ್ಮವರು’ ಅಂದಿರಲಿಲ್ಲ. ನಾನು ಇಷ್ಟು ಅಗ್ಗಕ್ಕೆ — ಹೇಗೆ ಬರೆಯಲಿ?

ಮಾರನೆಯ ದಿನ ನಾನೇ ನಾಗವೇಣಿಯನ್ನು ಕರೆದೆ. ಜಯನಗರದಲ್ಲಿ ನಮ್ಮ ಮನೆಯ ಹತ್ತಿರದ ಪ್ರೆಸ್ಸಿನಲ್ಲಿ, ನನ್ನ ಖರ್ಚಿನಲ್ಲಿ ಅವಳ ಕರಪತ್ರ ಪ್ರಿಂಟ್ ಮಾಡಿಸಿಕೊಡುತ್ತೇನೆಂದೆ. ಅವಳು ಹಿಂಜರಿದಳು.

“ಬೈಲಾ ಇಂಗ್ಲಿಷಲ್ಲಿದೆ ಮೇಡಂ. ನೀವೇ ಓದಿ ಹೇಳಿ, ನಿಮ್ಮ ಹತ್ರ ತಗೋಬಹುದಾ?”

ಓದಿದೆ. ಒಂದೊಂದು ಪದಕ್ಕೂ ಬೆರಳಿಟ್ಟು ಕನ್ನಡದಲ್ಲಿ ಅರ್ಥ ಹೇಳಿದೆ. ಆಡಳಿತ ವರ್ಗ ಎಂಬಲ್ಲಿಗೆ ಬಂದು — ಆಫೀಸ್ ಸಿಬ್ಬಂದಿ ಎಂದಿದ್ದ ಸಾಲನ್ನು ಬೆರಳಿನಿಂದ ದಾಟಿ — ಮುಂದಕ್ಕೆ ಹೋದೆ. “ನಾನೇನು ಮ್ಯಾನೇಜ್‌ಮೆಂಟಾ? ಅಕ್ಕ ಕೊಟ್ಟಳು ಅಂದ್ಕೋ.”

“ಹಂಗಾದ್ರೆ ಗೆದ್ದ ದಿನ ಮೊದಲ್ನೇ ಒಬ್ಬಟ್ಟು ನಿಮಗೇ ಮೇಡಂ,” ಎಂದಳು.

ಕರಪತ್ರ ಹಂಚಿದ ದಿನ ಪ್ರೆಸ್ಸಿನ ಬಿಲ್ಲನ್ನು ಮ್ಯಾನೇಜರರ ಮೇಜಿನ ಮೇಲೆ ಇಟ್ಟೆ. ಅವರು ಕೇಳಿರಲಿಲ್ಲ. ಅದರ ಮೇಲೆ ನನ್ನ ಹೆಸರಿತ್ತು. ಎರಡು ದಿನದಲ್ಲಿ ಆ ಬಿಲ್ಲು ನಾಗವೇಣಿಯ ಎದುರಾಳಿಯ ಕೈ ಸೇರಿತ್ತು; ಅವನು ದೂರು ಕೊಟ್ಟ.

ಕ್ಯಾಂಟೀನಿನಲ್ಲೇ ವಿಚಾರಣೆ. ಚುನಾವಣಾಧಿಕಾರಿ ನಿವೃತ್ತ ಕಾರ್ಮಿಕರೊಬ್ಬರು, ಸಾಧು ಮನುಷ್ಯ. ಬಿಲ್ಲನ್ನೂ ಬೈಲಾವನ್ನೂ ಮುಂದಿಟ್ಟುಕೊಂಡು, ಬಿಟ್ಟ ಸಾಲನ್ನು ಜೋರಾಗಿ ಕನ್ನಡದಲ್ಲಿ ಹೇಳಿದರು. ನಾಗವೇಣಿ ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ, ನಾನು ಈಗ ಎಲ್ಲ ಸರಿಮಾಡುತ್ತೇನೆಂಬ ನಂಬಿಕೆಯಿತ್ತು.

“ಮೇಡಂ, ನೀವೇ ಓದಿ ಹೇಳಿದ್ರಲ್ಲ?”

“ನಾನು ಪೂರ್ತಿ ಓದಿ ಹೇಳಿದ್ದೆ,” ಎಂದೆ.

ಅವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಹಿಂದಿನ ಬೆಂಚಿನಿಂದ, ಒಂದು ವಾರದ ಹಿಂದೆ ಅವಳ ಜೊತೆ ನಕ್ಕಿದ್ದವರೇ ಯಾರೋ ಅಂದರು: “ಚಿಂದಿ ಬೇಡ ಅಂದೋಳು ಇಡೀ ಬಟ್ಟೆ ಥಾನನ್ನೇ ನುಂಗಿದ್ಲಲ್ಲೇ!” ಎದುರಾಳಿ ಅವಿರೋಧವಾಗಿ ಗೆದ್ದ. ಟೋಕನ್ ಉಳಿಯಿತು. ಕಂಪನಿಗೆ ಮಾರಿಕೊಂಡವಳು ಎಂಬ ಮಾತು ಲೈನಿನಿಂದ ಲೈನಿಗೆ ಹರಿದು, ಎರಡು ತಿಂಗಳಲ್ಲಿ ನಾಗವೇಣಿ ಕೆಲಸ ಬಿಟ್ಟಳು. ನಾನು ಅವಳ ರಾಜೀನಾಮೆಯನ್ನು ಫೈಲ್ ಮಾಡಿದೆ.

ಹೋದ ತಿಂಗಳು ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ಅವಳೇ ಗುರುತು ಹಿಡಿದಳು. “ಚೆನ್ನಾಗಿದ್ದೀರಾ ಮೇಡಂ? ಎಷ್ಟು ಸಣ್ಣಗಾಗ್ಬಿಟ್ಟಿದ್ದೀರಿ!” ಮಗಳು ಆಶಾ ಈಗ ಅದೇ ಫ್ಯಾಕ್ಟರಿಯಲ್ಲಿದ್ದಾಳಂತೆ. ಚುನಾವಣೆಗೆ ನಿಲ್ಲು ಎಂದು ಹೆಂಗಸರೆಲ್ಲ ಅವಳ ಬೆನ್ನು ಹತ್ತಿದ್ದಾರಂತೆ. “ನಾನೇ ಬೇಡ ಅಂದಿದ್ದೀನಿ. ಮಾರ್ಕೊಂಡೋಳ ಮಗಳು ಅಂತಾರೆ. ತಪ್ಪು ನಂದೇ ಬಿಡಿ ಮೇಡಂ, ನೀವು ಅಷ್ಟು ಬಿಡಿಸಿ ಹೇಳಿದ್ರೂ ನನ್ನ ದಡ್ಡ ತಲೆಗೆ ಹೋಗ್ಲಿಲ್ಲ.”

ಹದಿನಾರು ವರ್ಷ ಅವಳು ತನ್ನನ್ನೇ ದಡ್ಡಿ ಎಂದುಕೊಂಡಿದ್ದಳು. ಆಗಲಾದರೂ ಹೇಳಬೇಕಿತ್ತು. “ಟೇಕ್ ಕೇರ್ ನಾಗವೇಣಿ,” ಎಂದು ಆಟೋ ಹತ್ತಿದೆ. ಮತ್ತೊಮ್ಮೆ ಅವಳಿಗೆ ಮೋಸ ಮಾಡಿದೆ — ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿನ್ನೆ ಅವಳ ಮನೆಗೆ ಹೋದೆ. ಸೋಮವಾರ ನಾಮಪತ್ರಕ್ಕೆ ಕಡೇ ದಿನ. ಇನ್ನು ತಡಮಾಡಿದರೆ ಮಗಳಿಗೂ ಅದೇ ಅನ್ಯಾಯ ಮಾಡಿದಂತೆ. ನಾಗವೇಣಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಆಶಾ ಗೋಡೆಗೆ ಒರಗಿ ನಿಂತಿದ್ದಳು. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಬೆರಳು ದಾಟಿಸಿದ್ದನ್ನೂ, ಬಿಲ್ಲು ಇಟ್ಟಿದ್ದನ್ನೂ. ನಾಗವೇಣಿಯ ಕೈ ನಿಂತಿತು.

“ಇಷ್ಟ್ ವರ್ಷ ನನ್ ಮೇಲೆ ನನಗೇ ಕೋಪ ಇತ್ತು ಮೇಡಂ,” ಎಂದಳು. “ಈಗ ಅದನ್ನ ಎಲ್ಲಿ ಇಡ್ಲಿ?”

ನಾನು ಸಾರಿ ಎಂದೆ. ಎಷ್ಟು ಸಣ್ಣ ಪದ. ಅವಳು ಎದ್ದು ಒಳಗೆ ಹೋದಳು. ಆಶಾ ಮಾತ್ರ ಕೇಳಿದಳು, ತೀರಾ ತಣ್ಣಗೆ:

“ಇದನ್ನೇ ಸೋಮವಾರ ಫ್ಯಾಕ್ಟರಿ ಗೇಟಿನ ಹತ್ರ, ಎಲ್ಲಾರ ಮುಂದೆ ಹೇಳ್ತೀರಾ?”

“ಹೇಳ್ತೀನಿ.”

“ಕನ್ನಡದಲ್ಲಿ.”

“ಕನ್ನಡದಲ್ಲೇ ಹೇಳ್ತೀನಮ್ಮ.”

ನಾಗವೇಣಿ ಬರುವುದಿಲ್ಲವಂತೆ. ಬಾ ಎಂದು ಕೇಳುವ ಹಕ್ಕು ನನಗಿಲ್ಲ.