ಸೇಲಾಳ ಜ್ವರ, ಸೋದರತ್ತೆಯ ಹಟ

ಕಲೊಲೈನೆ ಹಟಮಾರಿ, ಗರ್ವಿ. ತನ್ನ ಮಾತು ತಪ್ಪೆಂದು ಗೊತ್ತಾದರೆ ಅದನ್ನೇ ಇನ್ನಷ್ಟು ಜೋರಾಗಿ ಹೇಳುವ ಹೆಂಗಸು. ಟೊಂಗಾದಲ್ಲಿ ಅಂಥವಳನ್ನು ತಿದ್ದುವವರೂ ಇಲ್ಲ. ತಮ್ಮನ ಮಕ್ಕಳಿಗೆ ಅಪ್ಪನಿಗಿಂತ ಸೋದರತ್ತೆಯೇ ದೊಡ್ಡವಳು. ಬೆಳೆದ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವಂತಿಲ್ಲವಾದ್ದರಿಂದ ಅವಳು ಒಳಗೆ ಕಾಲಿಟ್ಟರೆ ತಮ್ಮ ಪೇನಿ ಎದ್ದು ಅಂಗಳಕ್ಕೆ ಹೋಗುತ್ತಿದ್ದ. ಅವಳ ಎದುರು ಉಳಿಯುತ್ತಿದ್ದವಳು ಅವನ ಹೆಂಡತಿ ಮೆಲೆಯಾನಾ.

ಅವರ ಎರಡು ವರ್ಷದ ಮಗಳು ಸೇಲಾಗೆ ಜ್ವರ ಬಂದಾಗಲೂ ಹಾಗೇ ಆಯಿತು. ನರ್ಸ್ ಫೀನೆ ಬೆಳಿಗ್ಗೆ ಬಂದು ನೋಡಿ, ಸೀಲು ತೆಗೆಯದ ಜ್ವರದ ಸಿರಪ್ಪಿನ ಬಾಟಲಿ ಕೊಟ್ಟು, ಮುಚ್ಚಳದಲ್ಲಿದ್ದ ಅಳತೆಯ ಗೆರೆ ತೋರಿಸಿದಳು.

"ದಪ್ಪ ಹೊದಿಕೆ ಬೇಡ. ಗುಟುಕು ಗುಟುಕಾಗಿ ಕುಡಿಸ್ತಾ ಇರು. ತುಂಬಾ ನರಳಿದ್ರೆ ಮಾತ್ರ ಔಷಧಿ. ಒಂದ್ಸಲ ಕೊಟ್ಟ ಮೇಲೆ ಆರು ಗಂಟೆ ಮತ್ತೆ ಕೊಡ್ಬೇಡ, ಲಿವರಿಗೆ ಪೆಟ್ಟು. ಏನೂ ಕುಡೀದೆ ಹೋದ್ರೆ, ಕರೆದ್ರೂ ಸರಿಯಾಗಿ ಕಣ್ಣು ಬಿಡದಿದ್ರೆ ಆಸ್ಪತ್ರೆಗೆ ಓಡು."

ಕುರ್ಚಿಯಲ್ಲಿದ್ದ ಕಲೊಲೈನೆ ಸಿಡಿದಳು. "ನಾನಿರೋವರೆಗೂ ಆ ಬಾಟ್ಲಿ ನೀರು ಇವಳ ಗಂಟಲಲ್ಲಿ ಇಳಿಯಲ್ಲ. ಒಂದನೇ ಕ್ಲಾಸಲ್ಲಿ ಪಾಠ ಹೇಳಿ ನಿನ್ನ ಮೂಗು ಒರೆಸಿದೋಳು ನಾನು, ಫೀನೆ!"

"ಗೊತ್ತು ಅಕ್ಕ. ಮೂಗು ಇವತ್ತಿಗೂ ಉರೀತಿದೆ," ಎಂದು ಫೀನೆ ಚೀಲ ಎತ್ತಿಕೊಂಡು ಹೊರಟಳು.

ಕಲೊಲೈನೆ ನೋನು ಎಂಬ ಮದ್ದಿನ ಗಿಡದ ಎಲೆ ಅರೆದು ಮಗುವಿನ ಮೈಗೆ ಹಚ್ಚಿ, ಕಂಬಳಿ ಸುತ್ತಿದಳು. ಅವಳು ಅತ್ತ ಹೋದಾಗ ಮೆಲೆಯಾನಾ ಕಂಬಳಿ ತೆಗೆಯುವಳು. ಹೆಜ್ಜೆ ಸಪ್ಪಳ ಕೇಳಿದರೆ ಮತ್ತೆ ಹೊದಿಸುವಳು. ಹೀಗೆ ಮಾಡಿ ಮಾಡಿ, ಮಗುವಿಗೆ ಬೇಕಾದದ್ದು ಹೊದಿಸುವುದೋ ತೆಗೆಯುವುದೋ ಎಂಬುದೇ ಅವಳಿಗೆ ಮರೆತುಹೋಯಿತು.

ಎಳನೀರು ತರಲು ಹೋಗಿದ್ದ ಮೆಲೆಯಾನಾ ಸಂಜೆ ಮುಂದೆ ಮರಳಿದಾಗ ಸೇಲಾ ಬೆವೆತು, ಹಾಯಾಗಿ ಮಲಗಿದ್ದಳು. ಪಕ್ಕದ ಮನೆಯ ವಿಕಾ ಬಾಗಿಲಲ್ಲಿ ನಿಂತು ಕಲೊಲೈನೆಯ ಮದ್ದನ್ನು ಹೊಗಳುತ್ತಿದ್ದಳು.

"ಎಲೆ ಅಂದ್ರೆ ಎಲೆ ಕಣೇ," ಎಂದಳು ಕಲೊಲೈನೆ.

ಮೆಲೆಯಾನಾ ಬಾಟಲಿ ನೋಡಿದಳು. ಸೀಲು ಹರಿದಿತ್ತು, ಔಷಧಿ ಇಳಿದಿತ್ತು. ತಾನು ಅದನ್ನು ಮುಟ್ಟಿರಲಿಲ್ಲ. ಅಥವಾ ಮುಟ್ಟಿದ್ದಳೆ? ಕಿಟಕಿಯ ಬಳಿ ಹೋಗಿ ಅಂಗಳದಲ್ಲಿದ್ದ ಗಂಡನನ್ನು ಪಿಸುದನಿಯಲ್ಲಿ ಕೇಳಿದಳು.

"ಸಿರಪ್ಪು ಕುಡಿಸಿದ್ದು ನೀನಾ?"

"ಅಕ್ಕ ಒಳಗಿದ್ರೆ ನಾನು ಹೇಗೆ ಬರ್ಲಿ?"

"ಹಾಗಾದ್ರೆ ಅಕ್ಕನೇ ಕೊಟ್ಟಿರ್ಬೇಕು. ಕೇಳು."

"ನಾನಾ? ತಲೆ ಕೆಟ್ಟಿದೆಯಾ ನಿಂಗೆ? ನೀನೇ ಕೇಳು."

"ಏನಂತ? ಕೊಡಬಾರದು ಅಂದೋರು ನೀವೇ ಕದ್ದು ಕೊಟ್ರಾ ಅಂತ್ಲಾ?"

ಪೇನಿ ಯೋಚಿಸಿದ. "ಕೇಳ್ಬೇಡ."

"ಮತ್ತೆ?"

"ಗೊತ್ತಿಲ್ಲ ಮಾರಾಯ್ತಿ."

ಕತ್ತಲಾಗುವ ಹೊತ್ತಿಗೆ ಮಗುವಿನ ಮೈ ಮತ್ತೆ ಬಿಸಿಯಾಯಿತು. ಸೇಲಾ ಎಳನೀರು ಕುಡಿದಳು, ಅಮ್ಮನ ಕೊರಳು ಹಿಡಿದು ನರಳಿದಳು. ಕೊಟ್ಟದ್ದು ಯಾವಾಗ, ಎಷ್ಟು? ಈಗ ಕೊಟ್ಟರೆ ಹೆಚ್ಚಾದೀತು. ಯಾರೂ ಕೊಟ್ಟೇ ಇಲ್ಲವಾದರೆ ಮಗು ಸುಮ್ಮನೆ ನರಳಬೇಕು. ಮೆಲೆಯಾನಾ ಬಾಟಲಿ ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಫೀನೆಗೆ ಫೋನು ಹತ್ತಲಿಲ್ಲ. ಕೊನೆಗೆ ಮಗುವನ್ನೂ ಬಾಟಲಿಯನ್ನೂ ಹಿಡಿದುಕೊಂಡು ಕುರ್ಚಿಯ ಮುಂದೆ ಚಾಪೆಯ ಮೇಲೆ ಕೂತಳು.

"ಅಕ್ಕ, ನಂಗೆ ಏನೂ ತಿಳೀತಿಲ್ಲ. ಈಗ ಇದನ್ನ ಕೊಡ್ಲಾ, ಬೇಡ್ವಾ?"

ವಿಕಾ ಇನ್ನೂ ಅಲ್ಲೇ ಇದ್ದಳು, ನಕ್ಕಳು. "ಇವರ ಎಲೆ ಇರೋವಾಗ ಅದ್ಯಾಕೆ ಬೇಕೇ?"

ಕಲೊಲೈನೆ ವಿಕಾಳನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ಬಗ್ಗಿ, ಬಾಟಲಿಯ ಮುಚ್ಚಳ ಬಿಚ್ಚಿ, ಅದರ ಗೆರೆಯ ಮೇಲೆ ಉಗುರಿಟ್ಟಳು.

"ಇಷ್ಟು ಕೊಟ್ಟಿದ್ದೆ. ಮಧ್ಯಾಹ್ನ ಶಾಲೆ ಬಿಟ್ಟ ಹೊತ್ತಲ್ಲಿ. ಈಗ್ಲೇ ಬೇಡ," ಎಂದು ವಿಕಾಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.