ಶಾಯಿ ನುಂಗುವ ಬಾಟಲಿ

ಬೆಟ್ಟ ಹತ್ತುವವರ ಸಾಮಾನು ಮಾರುವ ಆ ಅಂಗಡಿಯಲ್ಲಿ ಅವಳ ಹೆಸರು ಗರಗಸ. ಎದುರಿಗೆ ಹಾಗೆ ಕರೆಯುವ ಗಂಡೆದೆ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಇತ್ತು. ಒಮ್ಮೆ ಒಬ್ಬ ದಪ್ಪ ಮನುಷ್ಯ ಮೆಟ್ಟಿಲು ಹತ್ತಿ ಬಂದು, "ಒಳ್ಳೆ ಟೆಂಟ್ ತೋರಿಸಿ" ಅಂದ. ಗರಗಸ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡ್ತಿದ್ದೀರಿ. ಮೊದಲು ದಿನಾ ಒಂದಿಷ್ಟು ನಡೀರಿ, ಟೆಂಟ್ ಎಲ್ಲೂ ಓಡಿಹೋಗಲ್ಲ" ಎಂದು ಕಳಿಸಿಬಿಟ್ಟಳು. ಯಜಮಾನರು ಹಣೆ ಚಚ್ಚಿಕೊಂಡರು. ಆದರೂ ಅವಳನ್ನು ಬಿಡಿಸಲಿಲ್ಲ. ಅವಳ ಕೈಯಿಂದ ಹೋದ ಸಾಮಾನು ಯಾವತ್ತೂ ವಾಪಸ್ ಬರುತ್ತಿರಲಿಲ್ಲ. ಬೈಸಿಕೊಂಡಾದರೂ ಜನ ಸರಿಯಾದದ್ದನ್ನೇ ಒಯ್ಯುತ್ತಿದ್ದರು.

ಬಾಗಿಲಿನ ಎಡಕ್ಕಿದ್ದ ನೀರಿನ ಫಿಲ್ಟರುಗಳ ಕಪಾಟು ಅವಳ ಸ್ವಂತ ರಾಜ್ಯ. ಅಲ್ಲಿ ಯಜಮಾನರಿಗೂ ಕೈಯಾಡಿಸುವ ಹಕ್ಕಿರಲಿಲ್ಲ. ಆ ಕಪಾಟಿನಲ್ಲಿ ಹೆಚ್ಚು ಹೋಗುತ್ತಿದ್ದುದು ಎರಡು ಬಗೆ. ಒಂದು, ಹಿಂಡುವ ಫಿಲ್ಟರು. ಗೇಣುದ್ದವೂ ಇಲ್ಲದ ಕೊಳವೆ, ಅದರೊಳಗೆ ಕೂದಲೆಳೆಯಂಥ ಟೊಳ್ಳು ನಾರುಗಳ ಕಟ್ಟು. ಮೆತ್ತನೆಯ ಚೀಲಕ್ಕೆ ಹಳ್ಳದ ನೀರು ತುಂಬಿ, ಅದರ ಬಾಯಿಗೆ ಈ ಕೊಳವೆ ತಿರುಗಿಸಿ ಹಿಂಡಿದರೆ ರೋಗಾಣು ಒಳಗೇ ಸಿಕ್ಕಿಕೊಂಡು ನೀರು ಮಾತ್ರ ಹೊರಗೆ ಬರುತ್ತದೆ. ಇನ್ನೊಂದು, ಇದ್ದಿಲಿನ ಬಾಟಲಿ. ನೋಡಲು ಬಲು ಚೆಂದ. ಊರಿನ ನಲ್ಲಿನೀರಿನ ವಾಸನೆ, ಬಣ್ಣ ಎಲ್ಲವನ್ನೂ ಹೀರುತ್ತದೆ. ರೋಗಾಣುಗಳನ್ನು ಮಾತ್ರ ಬನ್ನಿ ಬನ್ನಿ ಎಂದು ಒಳಗೆ ಬಿಡುತ್ತದೆ.

ಯಜಮಾನರಿಗೆ ಒಂದು ಚಪಲವಿತ್ತು. ಗಿರಾಕಿಗಳ ಎದುರು ನೀರಿಗೆ ನೀಲಿ ಶಾಯಿ ತೊಟ್ಟಿಕ್ಕಿ ಎರಡರಲ್ಲೂ ಹಾಯಿಸುವುದು. ಇದ್ದಿಲಿನ ಬಾಟಲಿಯಿಂದ ನೀರು ಗಾಜಿನ ಹಾಗೆ ತಿಳಿಯಾಗಿ ಬರುತ್ತಿತ್ತು, ಹಿಂಡುವ ಫಿಲ್ಟರಿನಿಂದ ನೀಲಿಯಾಗಿಯೇ ಬರುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ಬಾಟಲಿ ಕೊಳ್ಳುತ್ತಿದ್ದರು. ಶಾಯಿ ನೀರಲ್ಲಿ ಕರಗಿದ ಬಣ್ಣ, ನಾರಿಗೆ ಅದು ಸಿಗುವುದಿಲ್ಲ. ಸಿಗಬೇಕಾದ ರೋಗಾಣು ಸಿಗುತ್ತದೆ, ಆದರೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಗರಗಸ ಒಂದು ದಿನ ಯಜಮಾನರ ಕೈಯಿಂದ ಶಾಯಿಯ ಸೀಸೆ ಕಿತ್ತುಕೊಂಡು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದಳು. "ಈ ಗಾರುಡಿ ನನ್ನ ಕಪಾಟಿನ ಮುಂದೆ ಬೇಡ. ಜನ ಹೊಟ್ಟೆ ಹಿಡ್ಕೊಂಡು ಬೆಟ್ಟದಲ್ಲಿ ಹೊರಳಾಡಬೇಕಾ?" ಅಂದಳು.

ಇಷ್ಟು ನೇರ ಬಾಯಿಯವಳು ಮನೆಯಲ್ಲಿ ಹೇಗಿದ್ದಳು ಎಂಬುದೇ ಬೇರೆ ಕಥೆ.

ಅವಳ ಗಂಡನಾಗಿದ್ದವನು ಕಾರು ಕಲಿಸುವ ಮೇಷ್ಟ್ರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕು ಒತ್ತುತ್ತಾ, ಕಂಡವರಿಗೆಲ್ಲ ಎಡ ಬಲ ಹೇಳುವುದು ಅವನ ಕಸುಬು. ಅಂಥವನಿಗೆ ಮನೆಯಲ್ಲಿ ಹೆಂಡತಿ ಎಡ ಎಂದರೆ ಸಾಕು, ಬಲಕ್ಕೇ ತಿರುಗುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಮೊದಮೊದಲು ಅವಳು ಕೂಗಾಡಿದಳು, ಪಾತ್ರೆ ಕುಕ್ಕಿದಳು. ಆಮೇಲೆ ಉಪಾಯ ಕಲಿತಳು. ಅಡುಗೆಮನೆಗೆ ತಿಳಿ ಬಣ್ಣ ಬೇಕಿದ್ದರೆ, "ಗಾಢ ಹಸಿರು ಹೊಡೆಸೋಣ" ಎನ್ನುವುದು. ಅವನು ಹಟಕ್ಕೆ ತಿಳಿ ಹಳದಿ ಹೊಡೆಸುತ್ತಿದ್ದ. ಪಕ್ಕದವರ ಹಳೇ ಸ್ಕೂಟರು ಬೇಡವಾಗಿದ್ದರೆ, "ಅದನ್ನ ತಗೊಂಡೇ ತಗೊಳ್ಳಿ" ಎನ್ನುವುದು. ಹೀಗೆ ಸಂಸಾರವನ್ನು ರಿವರ್ಸ್ ಗೇರಿನಲ್ಲೇ, ಒಂದು ಗೀರೂ ಬೀಳದ ಹಾಗೆ, ವರ್ಷಗಟ್ಟಲೆ ಓಡಿಸಿದಳು. ಕಾರಿನ ಮೇಷ್ಟ್ರಿಗೆ ತನ್ನನ್ನು ಯಾರೋ ಓಡಿಸುತ್ತಿದ್ದಾರೆಂದು ಕೊನೆಗೂ ತಿಳಿಯಲಿಲ್ಲ.

ಮದುವೆ ಮುರಿದದ್ದು ಬೇರೆ ಕಾರಣಕ್ಕೆ. ಕನ್ನಡಕದಂಗಡಿಯ ಹೆಂಗಸೊಬ್ಬಳು ಕಾರು ಕಲಿಯಲು ಅವನ ಬಳಿ ಬಂದಳು. ಕಲಿತದ್ದು ಕಾರೋ ಇನ್ನೊಂದೋ, ಅಂತೂ ಈಗ ಅವಳೇ ಅವನ ಹೆಂಡತಿ, ಇಬ್ಬರೂ ಬೇರೆ ಊರಲ್ಲಿ ಸುಖವಾಗಿದ್ದರು. ಅವರ ಸುಖವನ್ನು ನೆನೆದಾಗಲೆಲ್ಲ ಗರಗಸನಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು, ಇದರಲ್ಲಿ ಮುಚ್ಚಿಡುವುದೇನಿಲ್ಲ.

ಉಳಿದದ್ದು ಮಗಳು. ಶಾಲೆ ಮುಗಿಸಿದ್ದಳು, ಮುಂದೆ ಕಾಲೇಜು. ಒಳ್ಳೆಯ ಕಾಲೇಜು ಇದ್ದದ್ದು ಅಪ್ಪನ ಊರಲ್ಲಿ. ಅಮ್ಮನ ಜೊತೆ ಇದ್ದು ಇಲ್ಲೇ ಓದುವುದೋ, ಅಪ್ಪನ ಮನೆಗೆ ಹೋಗಿಬಿಡುವುದೋ? ಅಷ್ಟರಲ್ಲಿ ಅಪ್ಪ ಬೆಟ್ಟದ ಪ್ರವಾಸಕ್ಕೆ ಕರೆದ. "ಇಳಿದು ಬಂದ ಮೇಲೆ ಹೇಳ್ತೀನಿ" ಎಂದಿದ್ದಳು ಮಗಳು. ಆವತ್ತಿನಿಂದ ಗರಗಸ ಗಿರಾಕಿಗಳ ಮೇಲೆ ಇನ್ನೂ ಜೋರಾಗಿ ಹರಿಹಾಯುತ್ತಿದ್ದಳು.

ಹೊರಡುವ ದಿನ ಅಪ್ಪ, ಅವನ ಹೊಸ ಹೆಂಡತಿ, ಮಗಳು ಮೂವರೂ ಅಂಗಡಿಗೇ ಬಂದರು. ಅಮ್ಮನ ಹತ್ತಿರವೇ ಫಿಲ್ಟರು ಕೊಳ್ಳಬೇಕೆಂದು ಮಗಳು ಹಟ ಹಿಡಿದಿದ್ದಳಂತೆ.

"ಬನ್ನಿ ಸರ್. ಏನು ತೋರಿಸ್ಲಿ?" ಅಂದಳು ಗರಗಸ.

"ಸರ್ ಗಿರ್ ಎಲ್ಲ ಯಾಕೀಗ?" ಮೇಷ್ಟ್ರ ಮುಖ ಹುಳ್ಳಗಾಯಿತು.

"ಗಿರಾಕಿಗಳನ್ನ ನಾವು ಹಾಗೇ ಕರೆಯೋದು ಸರ್."

"ಅಕ್ಕ, ಚೆನ್ನಾಗಿದ್ದೀರಾ?" ಕನ್ನಡಕದಂಗಡಿಯವಳು ಕೇಳಿದಳು. ಇದು ಸ್ಪಷ್ಟವಾಗಿದೆಯಾ, ಅದು ಸ್ಪಷ್ಟವಾಗಿದೆಯಾ ಎಂದು ದಿನವೆಲ್ಲ ಮೆಲ್ಲಗೆ ಕೇಳಿ ಕೇಳಿ ಅವಳ ದನಿಯೇ ಬೆಣ್ಣೆಯಾಗಿತ್ತು.

"ನಿಮ್ಮನ್ನ ನಮ್ಮಮ್ಮ ಹೆತ್ತಿಲ್ಲ. ಅಕ್ಕ ಹೇಗಾದೆ ನಾನು?"

"ಅಮ್ಮಾ!" ಮಗಳು ಹಲ್ಲು ಕಚ್ಚಿ ಹೇಳಿದಳು.

ಗರಗಸ ಕೆಲಸದ ಮಾತಿಗೆ ಇಳಿದಳು. ಎಲ್ಲಿಗೆ, ಎಷ್ಟು ದಿನ, ನೀರೆಲ್ಲಿ? ಮೇಷ್ಟ್ರು ಹೇಳಿದ. ಮೇಲೆ ಪೂರಾ ಹುಲ್ಲುಗಾವಲು, ಕುರಿ ಮಂದೆಗಳು ಮೇಯುತ್ತವೆ, ಹಳ್ಳದ ನೀರೇ ಗತಿ. ಕುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ತೀರ್ಮಾನಿಸಿಬಿಟ್ಟಳು. ಹಿಂಡುವ ಫಿಲ್ಟರು, ಎರಡನೇ ಮಾತಿಲ್ಲ. ಆದರೆ ಅದನ್ನೇ ತಗೋ ಅಂದರೆ ಈ ಕೋಣ ನೀರಿಗೆಳೆಯುತ್ತದೆ, ಬಾಟಲಿ ಎತ್ತಿಕೊಂಡು ಹೋಗುತ್ತದೆ. ಕುಡಿಯುವವಳು ನನ್ನ ಮಗಳು. ಹಳೇ ಕೈಚಳಕ ಒಂದು ಸಲ ನಡೆಯಲಿ ಎಂದುಕೊಂಡು ಅವಳು ಡ್ರಾಯರಿನ ಬೀಗ ತೆಗೆದಳು.

ಶಾಯಿಯ ಸೀಸೆ ಹೊರಗೆ ಬಂದದ್ದು ನೋಡಿ ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು. ಗರಗಸ ಅವರತ್ತ ನೋಡಲೇ ಇಲ್ಲ. ನೀರಿಗೆ ಶಾಯಿ ಬಿಟ್ಟಳು, ಎರಡರಲ್ಲೂ ಹಾಯಿಸಿದಳು, ಎರಡು ಲೋಟ ಪಕ್ಕಪಕ್ಕ ಇಟ್ಟಳು.

"ಎಷ್ಟು ಸ್ಪಷ್ಟವಾಗಿದೆ!" ಅಂದಳು ಕನ್ನಡಕದಂಗಡಿಯವಳು, ತಿಳಿನೀರಿಗೆ ಕಣ್ಣು ಹಚ್ಚಿ.

"ನೋಡಿದ್ರಲ್ಲ ಸರ್. ಬಾಟಲಿನೇ ತಗೊಳ್ಳಿ. ಈ ಹಿಂಡೋದನ್ನ ಮುಟ್ಟಲೂಬೇಡಿ, ಕೈನೋವು ಬಿಟ್ರೆ ಏನೂ ಸಿಗಲ್ಲ." ಹೇಳಿ, ಕೈ ಕಟ್ಟಿ ನಿಂತು, ಅವನ ಬಾಯಿಂದ 'ಹಾಗೇನಿಲ್ಲ' ಎಂಬ ಮಾತು ಬೀಳುವುದನ್ನೇ ಕಾದಳು. ಬೆಳಿಗ್ಗೆ ಸೂರ್ಯ ಹುಟ್ಟುವುದರಲ್ಲಿ ಅವಳಿಗೆ ಸಂಶಯ ಬಂದೀತು, ಇದರಲ್ಲಿ ಬರಲು ಸಾಧ್ಯವಿರಲಿಲ್ಲ.

ಮೇಷ್ಟ್ರು ಬಾಯಿ ತೆರೆದ. ಹೆಂಡತಿಯ ಕಡೆ ನೋಡಿದ. ಬಾಯಿ ಮುಚ್ಚಿದ. ಮತ್ತೆ ತೆರೆದು, "ಇದರಲ್ಲಿ ನೀನೇ ಬಲ್ಲವಳು. ನೀನು ಹೇಳಿದ್ದೇ ಇರ್ಲಿ" ಅಂದ.

ಗರಗಸನಿಗೆ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು. "ಇನ್ನೊಂದು ಸಲ ಯೋಚ್ನೆ ಮಾಡಿ" ಎಂದು ತೊದಲಿದಳು.

"ಯೋಚ್ನೆ ಏನೂ ಇಲ್ಲ. ದಾರಿಯುದ್ದಕ್ಕೂ ಇವಳು ಹೇಳ್ತಾ ಬಂದ್ಲು, ಮಗಳ ಮುಂದೆ ಒಂದು ಸಲವಾದ್ರೂ ನಿನಗೆ ಎದುರಾಡಬೇಡ ಅಂತ. ಆಡಲ್ಲ."

ಮಗಳ ಮುಖ ಅರಳಿತು. ಅಪ್ಪ ಅಮ್ಮ ಒಂದು ಮಾತಿಗೆ ಒಪ್ಪಿದ್ದನ್ನು ಹುಡುಗಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಮುಖದ ಎದುರು ಗರಗಸನ ನಾಲಿಗೆ ಏಳಲೇ ಇಲ್ಲ. ಯಜಮಾನರು ತಾವೇ ಬಂದು ಬಾಟಲಿಯನ್ನು ಚೀಲಕ್ಕೆ ಹಾಕಿ ಕೊಟ್ಟರು. ಮೂವರೂ ಇಳಿದು ಹೋದರು.

ಅವಳು ಲೋಟ ತೊಳೆಯಲು ನಿಂತಳು. ಆಗ ಒಂದು ಕೆಟ್ಟ ಯೋಚನೆ ಬಂತು, ಬಂದದ್ದು ಹೌದು. ಹೋಗಲಿ. ಕುರಿ ತುಳಿದ ನೀರು ಕುಡಿದು ಹೊಟ್ಟೆ ಕೆಟ್ಟು ವಾಪಸ್ ಬರಲಿ. ಆಮೇಲೆ ಆ ಅಪ್ಪನ ಮನೆ ಹೊಸಿಲನ್ನು ಹುಡುಗಿ ಜನ್ಮದಲ್ಲಿ ತುಳಿಯುವುದಿಲ್ಲ, ನನ್ನ ಹತ್ತಿರವೇ ಇರುತ್ತಾಳೆ. ಎರಡನೇ ಲೋಟ ತೊಳೆಯುವವರೆಗೂ ಆ ಯೋಚನೆ ಸಿಹಿಯಾಗಿಯೇ ಇತ್ತು. ಆಮೇಲೆ ಬೆಟ್ಟದ ಮೇಲೆ, ಡಾಕ್ಟರಿಲ್ಲದ ಕಡೆ, ಮಗಳು ಹೊಟ್ಟೆ ಹಿಡಿದು ಮಲಗಿದ್ದು ಕಣ್ಣಿಗೆ ಕಟ್ಟಿತು. ಥೂ ನನ್ನ ಜನ್ಮಕ್ಕೆ ಎಂದುಕೊಂಡು ಹಿಂಡುವ ಫಿಲ್ಟರು ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದಳು.

ಕೆಳಗೆ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿ ಮುಂದೆ ಅವರ ಕಾರು ಇನ್ನೂ ನಿಂತಿತ್ತು.

"ತಪ್ಪಾಗಿ ಕೊಟ್ಟೆ. ಇದು ತಗೊಳ್ಳಿ, ಅದು ಕೊಡಿ" ಅಂದಳು ಏದುಸಿರು ಬಿಡುತ್ತಾ.

"ಪರವಾಗಿಲ್ಲ ಬಿಡು. ಶಾಯಿ ಹೋಗಿದ್ದನ್ನ ನಾವೇ ಕಣ್ಣಾರೆ ನೋಡಿದ್ವಲ್ಲ" ಎಂದ ಮೇಷ್ಟ್ರು, ತನ್ನ ಒಳ್ಳೆಯತನವನ್ನು ತಾನೇ ಮೆಚ್ಚಿಕೊಂಡು.

"ನೀನು ತಪ್ಪಾಗಿ ಕೊಡೋದಾ? ಅದೂ ಫಿಲ್ಟರ್?" ಮಗಳು ಹುಬ್ಬು ಗಂಟಿಕ್ಕಿದಳು.

ಸುಳ್ಳಿಗೆ ಇನ್ನು ದಾರಿ ಉಳಿದಿರಲಿಲ್ಲ. "ಬೇಕಂತಲೇ ಉಲ್ಟಾ ಹೇಳಿದೆ ಕಣೆ. ಆ ಬಾಟಲಿಯಿಂದ ರೋಗ ನಿಲ್ಲಲ್ಲ. ನಾನು ಇದು ಅಂದ್ರೆ ನಿಮ್ಮಪ್ಪ ಅದು ಅಂತಾನೆ. ಅದಕ್ಕೇ ಕೆಟ್ಟದ್ದನ್ನ ಹೊಗಳಿದೆ. ವರ್ಷಗಟ್ಟಲೆ ಹಾಗೇ ಮಾಡ್ಕೊಂಡು ಬಂದಿದ್ದೆ. ಇವತ್ತೇ ಈ ಮಹಾರಾಯನಿಗೆ ಒಳ್ಳೆ ಬುದ್ಧಿ ಬರಬೇಕಾ!"

ಮೇಷ್ಟ್ರು ಕಾರಿನ ಬಾಗಿಲಿಂದ ಕೈ ತೆಗೆದ. "ಅಡುಗೆಮನೆ ಬಣ್ಣ?" ಎಂದು ಕೇಳಿದ.

"ಹೂಂ."

"ಸ್ಕೂಟರು?"

"ಹೂಂ."

ಅವನ ದನಿ ಇಳಿಯಿತು. "ಹಾಗಾದ್ರೆ, ನಾನು ಮನೆ ಬಿಡೋವಾಗ ನಿನ್ನ ಮುಖ ನೋಡಲ್ಲ, ತೊಲಗು ಅಂದ್ಯಲ್ಲ, ಅದು?"

"ಅದೊಂದನ್ನ ಮನಸಾರೆ ಅಂದದ್ದು!"

ಅವನು ನಂಬಲಿಲ್ಲ. ನಂಬದಿದ್ದದ್ದು ಮಾತ್ರವಲ್ಲ, ಕಣ್ಣಲ್ಲಿ ಕನಿಕರ ತುಂಬಿಕೊಂಡು ತಲೆಯಾಡಿಸಿದ. ಕನ್ನಡಕದಂಗಡಿಯವಳು ತಲೆ ತಗ್ಗಿಸಿ ಕಾರಿನೊಳಗೆ ಕೂತಳು. ಗರಗಸನಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟೂ ವರ್ಷದಲ್ಲಿ ಅವನಿಗೆ ಹೇಳಿದ ಒಂದೇ ಒಂದು ಸತ್ಯವನ್ನು ಪ್ರೀತಿ ಎಂದು ತಿಳಿದುಕೊಂಡು ಈ ಮನುಷ್ಯ ಬೆಟ್ಟ ಹತ್ತುತ್ತಾನಲ್ಲ! ಇನ್ನೊಂದು ಮಾತು ಆಡಲು ಅವಳು ಬಾಯಿ ತೆರೆದಳು, ಅಷ್ಟರಲ್ಲಿ ಮಗಳು ನಡುವೆ ಬಂದು ನಿಂತಳು.

"ಅಮ್ಮ, ನನಗೆ ಏನಂದಿದ್ದೆ?"

"ಏನಂದೆ?"

"ಅಪ್ಪನ ಮನೇಲೇ ಇದ್ದು ಓದ್ಕೋ, ನನಗೂ ಸ್ವಲ್ಪ ಉಸಿರಾಡೋಕಾಗುತ್ತೆ ಅಂದೆ. ನಾನು ಅದನ್ನ ನಂಬಿದ್ದೆ. ದಿಂಬು ನೆನೆಯೋ ಹಾಗೆ ಅತ್ತಿದ್ದೀನಿ."

ಆ ಮಾತು ಆಡಿದ್ದು ಹೌದು. ಅಪ್ಪನ ರಕ್ತ, ಹೋಗು ಅಂದರೆ ಹೋಗುವುದಿಲ್ಲ ಎಂದು ಎಣಿಸಿ ಆಡಿದ್ದು. ಹುಡುಗಿಗೆ ಅಪ್ಪನ ಹಟ ಬಂದಿಲ್ಲ, ಆಡಿದ ಮಾತನ್ನು ಆಡಿದ ಹಾಗೇ ನಂಬುವ ಮಗು ಅದು ಎಂಬುದನ್ನು ಹೆತ್ತ ತಾಯಿ ಇಷ್ಟು ವರ್ಷ ನೋಡಿಯೇ ಇರಲಿಲ್ಲ.

ಅವಳು ಮಗಳ ಕೈ ಹಿಡಿದುಕೊಂಡಳು. "ಹೋಗಬೇಡ. ನನ್ನ ಹತ್ರನೇ ಇರು. ನೀನಿಲ್ಲದೆ ನನಗೆ ಆಗಲ್ಲ" ಅಂದಳು. ದನಿಯಲ್ಲಿ ಗರಗಸವಿರಲಿಲ್ಲ.

ಮಗಳು ಅವಳ ಮುಖವನ್ನೇ ನೋಡಿದಳು. "ಇದು ಸೀದಾನಾ, ಉಲ್ಟಾನಾ?"

"ಸೀದಾ ಕಣೆ. ನಿನ್ನಾಣೆ, ಸೀದಾ."

"ಉಲ್ಟಾ ಹೇಳೋರೂ ಹಾಗೇ ಅಲ್ವಾ ಹೇಳೋದು" ಅಂದಳು ಮಗಳು. ಸಿಟ್ಟಿನಿಂದಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ ಹಾಗೆ. ಅಮ್ಮನ ಕೈಯಿಂದ ಫಿಲ್ಟರು ಬಿಡಿಸಿಕೊಂಡು, ಬಾಟಲಿಯನ್ನು ಅವಳಿಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.