ನಿಧಾನಪ್ಪನ ನಾಲ್ಕನೆಯ ಟ್ಯಾಂಕು

ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ನಿಧಾನಪ್ಪ ಎಂಬ ಹೆಸರಿಟ್ಟವಳು ಅವನ ಹೆಂಡತಿಯೇ. ಅಂಗಡಿ ಮುಚ್ಚಿದ ಮೇಲೆ ಅವನು ಮನೆಯ ಹಿಂದಿನ ಕೋಣೆಯಲ್ಲಿ ಇನ್ನೊಂದು ಕೆಲಸಕ್ಕೆ ಕೂರುತ್ತಿದ್ದ. ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳಿಗೆ ಅಂಗೈಯಲ್ಲಿ ಹಿಡಿಸುವಂಥ ಎಂಜಿನ್ನುಗಳಿರುತ್ತವಲ್ಲ, ಅವನ್ನು ಹೊಸದಾಗಿ ಕೊಂಡವರು ಪಳಗಿಸಿ ಕೊಡೆಂದು ಇವನಲ್ಲಿಗೆ ತರುತ್ತಿದ್ದರು.

ಹೊಸ ಎಂಜಿನ್ನು ಹೊಸ ಚಪ್ಪಲಿಯ ಹಾಗೆ. ಮೊದಲ ದಿನವೇ ಓಡಿದರೆ ಕಚ್ಚುತ್ತದೆ. ಮೊದಲು ಅದನ್ನು ಬೆಚ್ಚಗೆ ಮಾಡಬೇಕು. ಎಣ್ಣೆ ಬೆರೆಸಿದ ಇಂಧನವನ್ನು ಧಾರಾಳವಾಗಿ ಕುಡಿಸಿ, ನೀಲಿ ಹೊಗೆ ಬಿಡಿಸುತ್ತ, ಮೆಲ್ಲಗೆ ಒಂದು ಟ್ಯಾಂಕು ಮುಗಿಸಬೇಕು. ಆಮೇಲೆ ಪೂರ್ತಿ ತಣಿಯಲು ಬಿಡಬೇಕು. ಹೀಗೆ ಆರು ಟ್ಯಾಂಕು. ಒಂದೊಂದು ಸಲಕ್ಕೂ ಇಂಧನದ ಸೂಜಿಯನ್ನು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಹೆಚ್ಚಿಲ್ಲ. ಬಿಗಿ ಮಾಡಿದಷ್ಟೂ ವೇಗ ಹೆಚ್ಚು, ಒಳಗೆ ಹೋಗುವ ಇಂಧನವೂ ಎಣ್ಣೆಯೂ ಕಡಿಮೆ. ಹೊಗೆ ನಿಂತಿತೆಂದರೆ ಒಳಗೆ ಎಣ್ಣೆಯ ಪಸೆ ಆರಿತೆಂದೇ ಅರ್ಥ.

ಬೆಚ್ಚಗೆ ಮಾಡಲು ಅವನು ಹೆಂಡತಿಯ ಹೇರ್ ಡ್ರೈಯರನ್ನು ಕದ್ದೊಯ್ಯುತ್ತಿದ್ದ. ಇಪ್ಪತ್ತು ವರ್ಷ ಮನೆಯಲ್ಲಿ ಇದೇ ಜಗಳ.

"ತಲೆಯೆಲ್ಲ ಗ್ಯಾರೇಜಿನ ವಾಸನೆ! ನನ್ನ ಆ ಸವತಿಗೆ ಬೇರೆ ಒಂದು ತಂದ್ಕೊಡಿ."

"ಅವಳಿಗೂ ನಿನ್ನದೇ ಬೇಕಂತೆ ಕಣೇ."

ಒಂದು ಬೆಳಗ್ಗೆ ಅವಳೇ ಅದನ್ನು ತಂದು ಅವನ ಮೇಜಿನ ಮೇಲಿಟ್ಟಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಆಸ್ಪತ್ರೆಯ ಔಷಧಿ ಎರಡನೆಯ ಸುತ್ತಿಗೆ ಬಂದಿತ್ತು.

"ಇಟ್ಕೊಳ್ಳಿ. ನನಗಿನ್ನು ಬೇಡ." ಬಾಗಿಲವರೆಗೆ ಹೋದವಳು ತಿರುಗಿದಳು. "ಊರವರ ಕುದುರೆಯೆಲ್ಲ ಪಳಗಿಸಿದ್ರಿ. ನಮ್ಮದೇ ಒಂದು ಪೂರ್ತಿ ಸ್ಪೀಡಲ್ಲಿ ಓಡೋದನ್ನ ನಾನು ನೋಡ್ಬೇಕು."

ಆ ವಾರವೇ ಅವನು ತನಗೆಂದು ಮೊದಲ ಬಾರಿಗೆ ಕಾರು, ಎಂಜಿನ್ನು ಕೊಂಡ. ದಿನಕ್ಕೊಂದರಂತೆ ಮೂರು ಟ್ಯಾಂಕು ಮುಗಿಯಿತು. ಆ ಸಂಜೆ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, "ತಿಂಗಳ ಲೆಕ್ಕ ಇಟ್ಕೋಬೇಡಿ" ಎಂದರು.

ಮರುದಿನ ಅವಳ ಮುಖ ತುಸು ಗೆಲುವಾಗಿತ್ತು. ಇಂಥ ದಿನ ಮತ್ತೆ ಬರುತ್ತದೋ ಇಲ್ಲವೋ ಎಂದು ಅವನು ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಯಲಿಗೆ ಕರೆದೊಯ್ದ. ನಾಲ್ಕನೆಯ ಟ್ಯಾಂಕು ತುಂಬಿದ. ತಾಳಿದವನು ಬಾಳಿಯಾನು ಎಂದು ಊರಿಗೆಲ್ಲ ಬುದ್ಧಿ ಹೇಳಿದವನ ಕೈ, ಸೂಜಿಯನ್ನು ಒಂದೇ ಸಲಕ್ಕೆ ಅರ್ಧ ಸುತ್ತು ಬಿಗಿ ಮಾಡಿತು.

ಕಾರು ಬಾಣದಂತೆ ಹಾರಿತು. ಅವಳು ಚಪ್ಪಾಳೆ ತಟ್ಟಿದಳು. ಅವನು ಹೊಗೆಯನ್ನು ನೋಡಲಿಲ್ಲ, ಅವಳನ್ನು ನೋಡಿದ. ಎರಡನೆಯ ಸುತ್ತು ಮುಗಿಯುವ ಮೊದಲೇ ಸದ್ದು ಸಣ್ಣಗಾಗಿ, ಸೀಟಿಯಂತಾಗಿ, ನಿಂತೇಹೋಯಿತು. ಕಾರು ಸದ್ದಿಲ್ಲದೆ ಉರುಳಿ ಹುಲ್ಲಿನಲ್ಲಿ ನಿಂತಿತು.

ಎತ್ತಿಕೊಂಡು, ಎಂಜಿನ್ನು ಆರುವವರೆಗೆ ಕಾದು, ಎಂಜಿನ್ನಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದ. ಹೊಸ ಎಂಜಿನ್ನಿಗೆ ಇರಬೇಕಾದ ಬಿಗಿಯೇ ಇಲ್ಲ. ಒಳಗೆ ಏನೂ ಇಲ್ಲವೇನೋ ಎಂಬಂತೆ ತಿರುಗಿತು.

"ಹೊಗೆ ನಿಂತಾಗಲೇ ಅಂದ್ಕೊಂಡೆ" ಎಂದಳು ಅವಳು. "ಕೂಗೋಣ ಅಂದ್ರೆ ದನಿ ಬರಲಿಲ್ಲ."

"ಆರು ಟ್ಯಾಂಕು ಆಗ್ಬೇಕಿತ್ತು ಕಣೇ. ನಾನೇ ಕೈಯಾರೆ ಕೆಡಿಸ್ದೆ."

"ಮದುವೆ ದಿನವೂ ತಡವಾಗಿ ಬಂದ ಮನುಷ್ಯ, ಇವತ್ತು ಅವಸರಪಟ್ರಲ್ಲ!" ನಗಲು ಹೋದವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದಳು: "ಅದೇ ಅಲ್ವೇನ್ರಿ, ಪೂರ್ತಿ ಸ್ಪೀಡು?"

ಅಲ್ಲ. ಪಳಗಿದ ಎಂಜಿನ್ನು ಅದರ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತದೆ.

"ಅದೇ ಕಣೇ" ಎಂದ ನಿಧಾನಪ್ಪ.

ಒಂಬತ್ತನೆಯ ದಿನ ಅವಳು ಹೋದಳು.

ಈಗಲೂ ಜನ ಎಂಜಿನ್ನು ತರುತ್ತಾರೆ. ಮೊನ್ನೆ ಬಂದ ಬ್ಯಾಂಕಿನ ಗುಮಾಸ್ತ ಡ್ರೈಯರನ್ನು ಕೈಗೆತ್ತಿಕೊಂಡು, "ಅಣ್ಣ, ಇದರ ಹಿಂದಿನ ಜಾಲರಿಯಲ್ಲಿ ಉದ್ದ ಕೂದಲು ಸುತ್ಕೊಂಡಿದೆ. ಗಾಳಿ ಕಟ್ಟುತ್ತೆ, ತೆಗೀಲಾ?" ಎಂದ.

"ಬೇಡಪ್ಪ" ಎಂದು ನಿಧಾನಪ್ಪ ಅದನ್ನು ಇಸಿದುಕೊಂಡ. "ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡಿದರಾಯ್ತು."